ಬಂಡಿ ಹೊಡೆಯುವವನ ಜಾಗ

ವಿಧಾನಸಭಾ ಚುನಾವಣೆಗೆ ಇನ್ನೊಂದು ವರ್ಷವಿತ್ತು. ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಆಗಿ ನಿವೃತ್ತನಾದ ನಾನು, ಶಿಗ್ಗಾವಿ ತಾಲ್ಲೂಕಿನ ಹೆದ್ದಾರಿ ಬದಿಯ ಒಂದು ಖಾಸಗಿ ಥೀಮ್ ಪಾರ್ಕಿಗೆ ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಸೇರಿದ್ದೆ. ಅಲ್ಲಿಯವರೆಗೆ ರಸ್ತೆ, ಸೇತುವೆ, ಶಾಲಾ ಕಟ್ಟಡ ಕಟ್ಟಿದವನು. ರಸ್ತೆ ಕಿತ್ತುಹೋದರೆ ಜನ ಬೈಯುತ್ತಾರೆ, ಅದಕ್ಕೊಂದು ಕಾರಣವಾದರೂ ಇರುತ್ತದೆ. ಈ ಪಾರ್ಕಿನಲ್ಲಿ ಎಲ್ಲವನ್ನೂ ಸರಿಯಾಗಿ ಕಟ್ಟಿ ಬೈಸಿಕೊಂಡೆ. ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ. ಓದುಗರು ನನ್ನಿಂದ ಸಮಚಿತ್ತದ ಬರಹವನ್ನು ನಿರೀಕ್ಷಿಸಬಾರದು.

ಪಾರ್ಕಿನ ಮುಖ್ಯ ಆಕರ್ಷಣೆ ರಾಷ್ಟ್ರನಾಯಕರ ವಿಭಾಗ. ನಾಯಕರ ಹೆಸರು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಈ ಬರಹಕ್ಕೂ ಒಂದು ಶಾಂತಿ ಸಭೆ ಕರೆಯಬೇಕಾದೀತು. ವಿವಾದ ಬರಬಾರದೆಂದು ನಾವು ಪಟ್ಟ ಪಾಡು ಅಷ್ಟಿಷ್ಟಲ್ಲ. ಎಲ್ಲ ನಾಯಕರ ಪೀಠವೂ ಒಂದೇ ಎತ್ತರ. ನಿಲ್ಲಿಸಿದ್ದು ಅಕ್ಷರಮಾಲೆಯ ಕ್ರಮದಲ್ಲಿ. ಯಾವ ಪಕ್ಷದ ಬಣ್ಣವೂ ಶಾಲಿನಲ್ಲಿ ಬರಬಾರದೆಂದು ಎಲ್ಲರಿಗೂ ಬೂದು ಬಣ್ಣ ಹೊದಿಸಿದೆವು. ಫಲಕದಲ್ಲಿ ಹುಟ್ಟು ಸಾವು ಬಿಟ್ಟರೆ ಒಂದು ಮಾತಿಲ್ಲ. ನಮ್ಮ ಮಾಲೀಕರು ಎಲ್ಲ ಪಕ್ಷಗಳ ಮುಖಂಡರನ್ನು ಕರೆಸಿ, ಊಟ ಹಾಕಿಸಿ, ಒಂದೊಂದು ಮೂರ್ತಿಯನ್ನೂ ತೋರಿಸಿ ಒಪ್ಪಿಗೆ ಪಡೆದಿದ್ದರು. ನಾಯಕರ ವಿಷಯದಲ್ಲಿ ನಾವು ಗೆದ್ದಿದ್ದೆವು, ಅದನ್ನು ಈಗಲೂ ಎದೆ ತಟ್ಟಿ ಹೇಳುತ್ತೇನೆ.

ಕೊನೆಯಲ್ಲಿ ಒಂದು ದೃಶ್ಯ ಸೇರಿಸಿದೆವು. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಒಬ್ಬ ದೊಡ್ಡ ನಾಯಕರು ರೈಲಿಳಿದು ಎತ್ತಿನ ಬಂಡಿಯಲ್ಲಿ ನಮ್ಮ ಭಾಗದ ಹಳ್ಳಿಗೆ ಬಂದಿದ್ದರೆಂದು ಹಿರಿಯರು ಹೇಳುತ್ತಾರೆ. ದಾಖಲೆಯೇನೂ ಇಲ್ಲ. ಬಂಡಿ ಹೊಡೆದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಬಂಡಿ, ಎತ್ತು, ಹಿಂದೆ ಕುಳಿತ ನಾಯಕರು, ಮುಂದೆ ಬಂಡಿ ಹೊಡೆಯುವವನು, ಇಷ್ಟೇ ದೃಶ್ಯ.

ನಮ್ಮ ಕಡೆಯ ಸಿಮೆಂಟ್ ಶಿಲ್ಪಿಗಳದು ಒಂದು ಪದ್ಧತಿ. ಮೊದಲು ಕಬ್ಬಿಣದ ಸರಳು ಬಗ್ಗಿಸಿ ಅಸ್ಥಿಪಂಜರ ಮಾಡುತ್ತಾರೆ, ಅದಕ್ಕೆ ಆರ್ಮೇಚರ್ ಎನ್ನುತ್ತಾರೆ. ಅದರ ಮೇಲೆ ಜಾಳಿಗೆ ಸುತ್ತಿ ಸಿಮೆಂಟ್ ಮೆತ್ತುತ್ತಾರೆ. ಆದರೆ ನಾಯಕರಲ್ಲದ ಸಾಮಾನ್ಯ ಜನರ ಮುಖವನ್ನು ಎಂದೂ ಕಲ್ಪನೆಯಿಂದ ಮಾಡುವುದಿಲ್ಲ. ಸುತ್ತಲಿನ ಊರಿನ ಬದುಕಿರುವ ಮನುಷ್ಯನೊಬ್ಬನನ್ನು ಕರೆತಂದು, ಎದುರಿಗೆ ಕೂರಿಸಿಕೊಂಡು, ಅಳತೆ ತೆಗೆದು ಮಾಡುತ್ತಾರೆ. ಹಾಗಾಗಿಯೇ ಈ ಮೂರ್ತಿಗಳ ಎದುರು ನಿಂತ ಹಳ್ಳಿಗರು, ಇವಳು ನಮ್ಮ ಗಂಗವ್ವ, ಇವನು ನಮ್ಮ ಚನ್ನಪ್ಪ ಎಂದು ಬೆರಳು ಮಾಡಿ ನಗುವುದು. ನಮ್ಮ ಮುಖ್ಯ ಶಿಲ್ಪಿ ಮೌನೇಶ ಬಡಿಗೇರ ಬಂಡಿಯ ದೃಶ್ಯಕ್ಕೆ ಹತ್ತಿಮತ್ತೂರಿನ ಹುಸೇನಸಾಬರನ್ನು ಕರೆತಂದ. ಬಾಡಿಗೆಗೆ ಎತ್ತು ಹೂಡುವ ರೈತ. ಬಿಳಿ ಗಡ್ಡ, ಬಿಸಿಲಿಗೆ ಸುಕ್ಕುಗಟ್ಟಿದ ಮುಖ. ನೂರು ಜನರ ನಡುವೆಯೂ ಕಣ್ಣು ಅಲ್ಲೇ ನಿಲ್ಲುವಂಥ ಮುಖ ಅದು.

ಮಸೀದಿಯ ಹಿರಿಯರು ಮೂರ್ತಿ ಗೀರ್ತಿ ನಮಗೆ ಬೇಡವೆಂದು ಹೇಳಿದ್ದರಂತೆ. ಇದು ದೇವರ ಮೂರ್ತಿಯಲ್ಲ, ಬಂಡಿ ಹೊಡೆಯುವವನದು ಎಂದು ಹುಸೇನಸಾಬರೇ ಅವರನ್ನು ಹೇಗೋ ಒಪ್ಪಿಸಿ ಬಂದಿದ್ದರು. ಕೂರಲು ಒಪ್ಪಿದ ಮೇಲೆ ಅವರದೊಂದೇ ಷರತ್ತು.

“ಎತ್ತು ನನ್ನವ ಇರಬೇಕ್ರಿ ಸಾಹೇಬ್ರ. ಮಂದಿ ಎತ್ತಿನ ಬಂಡ್ಯಾಗ ನಾ ಕುಂತ್ರ ನಮ್ಮೂರಾಗ ನಗತಾರ.”

ಎತ್ತುಗಳೂ ಬಂದವು, ಅವುಗಳ ಅಳತೆಯೂ ಆಯಿತು. ಮೌನೇಶ ತಿದ್ದುತ್ತಿದ್ದಷ್ಟು ದಿನವೂ ಹುಸೇನಸಾಬರು ಮಿಸುಕಾಡದೆ ಕುಳಿತರು. ಮುಗಿದ ಮೂರ್ತಿಯನ್ನು ನೋಡಿ, “ನನಗಿಂತ ಛಲೋ ಅದಾನ” ಎಂದು ನಕ್ಕರು. ಆ ನಗು ಬಹಳ ದಿನ ಉಳಿಯಲಿಲ್ಲ.

ಉದ್ಘಾಟನೆಗೂ ಮುಂಚೆ ಯಾರೋ ಒಳಗೆ ಬಂದು ಮೊಬೈಲಿನಲ್ಲಿ ಚಿತ್ರ ಹಿಡಿದು ಹಂಚಿದರು. ಮಾರನೆಯ ದಿನವೇ ಒಂದು ಪಕ್ಷದ ಯುವ ಮುಖಂಡ ಹತ್ತು ಮೋಟಾರ್ ಸೈಕಲ್ ಕಟ್ಟಿಕೊಂಡು ಬಂದ.

“ಇಷ್ಟು ದೊಡ್ಡ ನಾಯಕರನ್ನ ಅಂವ ಕರಕೊಂಡು ಹೊಂಟಾನಲ್ಲ, ಇದು ಯಾವ ಇತಿಹಾಸರೀ?”

“ಹಂಗಾರ ಬಂಡಿ ಹೊಡದವರು ಯಾರು, ನೀವ ಹೇಳ್ರಿ” ಎಂದೆ.

“ಯಾರರೆ ಇರ್ಲಿರಿ, ಅಂವ ಅಲ್ಲ.”

ಇತಿಹಾಸದ ಬಗ್ಗೆ ಇಷ್ಟು ಖಚಿತವಾಗಿ ಮಾತಾಡುವವರನ್ನು ನಾನು ಕಾಲೇಜಿನಲ್ಲೂ ಕಂಡಿರಲಿಲ್ಲ. ಸುದ್ದಿ ತಿಳಿದು ಎದುರು ಪಕ್ಷದ ತಾಲ್ಲೂಕು ಮುಖಂಡ ಬಂದ. ಇವನಾದರೂ ನಮ್ಮ ಬೆನ್ನಿಗೆ ನಿಲ್ಲುತ್ತಾನೆಂದು ಚಹಾ ತರಿಸಿದೆ. ಚಹಾ ಕುಡಿದು ಅವನು ಹೇಳಿದ್ದೇ ಬೇರೆ.

“ನಮ್ಮ ಮಂದೀನ ಬರೇ ಬಂಡಿ ಹೊಡ್ಯಾಕ ಇಟ್ಟೀರೇನು? ನಾಯಕರ ಬಾಜೂಕ ಕುಂದರಸ್ರಿ. ಇಲ್ಲಂದ್ರ ಧರಣಿ ಮಾಡ್ತೇವಿ.”

ಇವರಿಬ್ಬರ ಮಧ್ಯೆ ಹಾನಗಲ್ ಕಡೆಯ ಜಮೀನ್ದಾರರ ಮನೆತನದವರೊಬ್ಬರು, ಬಂಡಿ ಹೊಡೆದದ್ದು ತಮ್ಮ ಮುತ್ತಜ್ಜ, ಅವರ ಮುಖವನ್ನೇ ಇಡಬೇಕು ಎಂದು ಫೋಟೋ ಹಿಡಿದುಕೊಂಡು ಬಂದರು. ಫೋಟೋದಲ್ಲಿ ಮುತ್ತಜ್ಜ ಮೋಟಾರು ಕಾರಿಗೆ ಒರಗಿ ನಿಂತಿದ್ದರು. ಇಷ್ಟೆಲ್ಲದರಲ್ಲಿ ಹಿಂದೆ ಕುಳಿತ ನಾಯಕರ ಬಗ್ಗೆ ಒಬ್ಬನಾದರೂ ಒಂದು ಮಾತು ಕೇಳಿದ್ದರೆ ಹೇಳಿ!

ಪೆಟ್ಟು ಬಿದ್ದದ್ದು ಹುಸೇನಸಾಬರಿಗೆ. ಅವರ ಮುಖ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿತ್ತು. ಗುರುತಿದ್ದವರು ಸುಮ್ಮನೆ ಜಗಳ ಯಾಕೆಂದು ಅವರ ಎತ್ತುಗಳನ್ನು ಕರೆಯುವುದನ್ನು ಬಿಟ್ಟರು. ಬಿತ್ತನೆಯ ಹಂಗಾಮಿನಲ್ಲಿ ಎತ್ತುಗಳು ಕೊಟ್ಟಿಗೆಯಲ್ಲೇ ನಿಂತವು. ಒಂದು ಬೆಳಿಗ್ಗೆ ಹುಸೇನಸಾಬರು ನನ್ನ ಆಫೀಸಿಗೆ ಬಂದು, ಕುರ್ಚಿ ತೋರಿಸಿದರೂ ಕೂರದೆ, ನಿಂತೇ ಹೇಳಿದರು.

“ತೆಗೀರಿ ಸಾಹೇಬ್ರ, ನಂದೇನೂ ತಕರಾರಿಲ್ಲ. ಖರೆ ಒಡೀಬ್ಯಾಡ್ರಿ. ನನ್ನ ಮಾರಿ ಮ್ಯಾಲ ಸುತ್ತಿಗಿ ಬೀಳೂದನ್ನ ಮೊಬೈಲಿನ್ಯಾಗ ಹಿಡದು ಊರೆಲ್ಲಾ ಹಂಚತಾರ. ಆಮ್ಯಾಲ ಸಂತ್ಯಾಗ ನಾ ಯಾವ ಮಾರಿ ಇಟಗೊಂಡು ಅಡ್ಡಾಡ್ಲಿ?”

“ಒಡಿಯೂದಿಲ್ಲ. ಅದು ನನ್ನ ಮಾತು” ಎಂದೆ.

ತಹಶೀಲ್ದಾರರ ಕಚೇರಿಯಲ್ಲಿ ಶಾಂತಿ ಸಭೆ ನಡೆಯಿತು. ಬಂಡಿ ಹೊಡೆದವರು ಯಾರೆಂದು ತಿಳಿದಿಲ್ಲ ಎಂದು ಒಂದು ಫಲಕ ಹಾಕೋಣ ಎಂದೆ. “ಬೋರ್ಡ್ ಯಾರು ಓದತಾರ್ರಿ? ಮಂದಿ ಮಾರಿ ನೋಡತಾರ” ಎಂದ ಯುವ ಮುಖಂಡ. ಆ ಒಂದು ಮಾತು ಮಾತ್ರ ಅವನು ಸರಿಯಾಗಿಯೇ ಹೇಳಿದ. ತಹಶೀಲ್ದಾರರಿಗೂ ಸಾಕಾಗಿತ್ತು. “ಅಲ್ಲಿ ಯಾರೂ ಇಲ್ಲದಿದ್ದರೆ ಯಾರಿಗೂ ತಕರಾರಿಲ್ಲ ತಾನೇ?” ಎಂದು ಕೇಳಿದರು. ಎರಡೂ ಪಕ್ಷದವರು ಒಟ್ಟಿಗೆ ಹೌದೆಂದರು. ಎತ್ತುಗಳ ಬಗ್ಗೆ ಯಾರ ಆಕ್ಷೇಪಣೆಯೂ ಇರಲಿಲ್ಲ.

ಮೂರ್ತಿಯ ಸರಳುಗಳನ್ನು ಬಂಡಿಯ ಸರಳುಗಳಿಗೇ ಬೆಸುಗೆ ಹಾಕಿದ್ದರಿಂದ ಕೆಳಗಿನಿಂದ ಗ್ಯಾಸ್ ಕಟರ್ ಹಿಡಿದು ಕೊಯ್ಯಬೇಕಿತ್ತು. ಕೆಲಸಗಾರರಿಗೆ ರಜೆಯಿದ್ದ ಮಧ್ಯಾಹ್ನ ಮೌನೇಶ ಕೊಯ್ದು, ಮೂರ್ತಿಯನ್ನು ಇಡಿಯಾಗಿ ಕೆಳಗಿಳಿಸಿದ. ಅದನ್ನು ಒಯ್ಯಲು ಹುಸೇನಸಾಬರು ತಮ್ಮದೇ ಬಂಡಿ ಹೂಡಿಕೊಂಡು ಬಂದಿದ್ದರು. ಹುಲ್ಲು ಹಾಸಿ ಮೆತ್ತಗೆ ಮಾಡಿಕೊಂಡಿದ್ದರು. ಅಷ್ಟರಲ್ಲಿ ಗೇಟಿನ ಬಳಿ ಗದ್ದಲವೆದ್ದಿತು. ಅಲ್ಲಿಯವರೆಗೆ ಬೇರೆ ಬೇರೆಯಾಗಿ ಬಂದು ಹೋಗುತ್ತಿದ್ದ ಎರಡೂ ಗುಂಪುಗಳು ಅಂದು ಮೊದಲ ಸಲ ಕೂಡಿ ಬಂದು ಒಂದೇ ಮಾತು ಕೂಗುತ್ತಿದ್ದವು.

“ಹಂಗ ಒಯ್ದ್ರ ನಾಳೆ ಮತ್ತ ತಂದು ಕುಂದರಸ್ತೀರಿ. ಇಲ್ಲೇ ಒಡೀರಿ, ನಾವು ನೋಡಬೇಕು.”

ನಾನು ಮೂರ್ತಿಗೆ ಅಡ್ಡ ನಿಂತೆ. ಸಭೆಯಲ್ಲಿ ತೆಗೆಯಲು ಒಪ್ಪಿದ್ದೇ ಹೊರತು ಒಡೆಯಲು ಅಲ್ಲ ಎಂದು ಕೂಗಿದೆ. ಮಾಲೀಕರು ಫೋನಿನಲ್ಲಿ ನನಗೇ ರೇಗಿದರು. “ಅದು ಸಿಮೆಂಟ್ ಐತ್ರಿ, ಮನಷ್ಯಾ ಅಲ್ಲ. ಒಡದು ಮುಗಸ್ರಿ.” ಮೌನೇಶ ಸುತ್ತಿಗೆಯನ್ನು ನೆಲಕ್ಕಿಟ್ಟು ದೂರ ಹೋಗಿ ನಿಂತ. ಸುತ್ತಿಗೆ ಅಲ್ಲೇ ಬಿದ್ದಿತ್ತು. ಒಡೆಯಿರಿ ಎಂದು ಅರಚುತ್ತಿದ್ದವರಲ್ಲಿ ಒಬ್ಬನೂ ಅದನ್ನು ಎತ್ತಿಕೊಳ್ಳಲಿಲ್ಲ. ಒಡೆಯುವ ಕೈ ಯಾವ ಪಕ್ಷದ್ದೆಂದು ವಿಡಿಯೋದಲ್ಲಿ ಕಾಣಬಾರದಲ್ಲ! ಕೊನೆಗೆ ಮಾಲೀಕರು ಪಕ್ಕದ ಕೆಲಸದಲ್ಲಿದ್ದ ಜೆಸಿಬಿಯನ್ನು ಕಳುಹಿಸಿದರು. ಇಬ್ಬರು ನನ್ನ ರಟ್ಟೆ ಹಿಡಿದು ಈಚೆಗೆ ಎಳೆದರು. ಜೆಸಿಬಿ ಬಕೆಟ್ ಮೇಲೆದ್ದು ಇಳಿಯಿತು. ಸುತ್ತ ಮೊಬೈಲುಗಳು ಎದ್ದು ನಿಂತವು.

ಹುಸೇನಸಾಬರು ನನ್ನ ಕಡೆ ನೋಡಲಿಲ್ಲ. ಎತ್ತುಗಳನ್ನು ತಿರುಗಿಸಿ, ಹುಲ್ಲು ಹಾಸಿದ ಬಂಡಿಯನ್ನು ಹಾಗೆಯೇ ಹೊಡೆದುಕೊಂಡು ಹೋದರು. ಆ ವಿಡಿಯೋ ಅವರಿಗಿಂತ ಮೊದಲು ಊರು ಮುಟ್ಟಿತ್ತು. ಬಹಳ ದಿನ ಅವರು ಸವಣೂರಿನ ಸಂತೆಗೆ ಹೋಗಲಿಲ್ಲ. ಮುಂದೆ ಎತ್ತುಗಳನ್ನೂ ಮಾರಿದರು. ನಾನು ರಾಜೀನಾಮೆ ಕೊಟ್ಟೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ, ಪಾರ್ಕು ಭರ್ಜರಿಯಾಗಿ ಉದ್ಘಾಟನೆಯಾಯಿತು.

ಚುನಾವಣೆ ಬಂದಾಗ ಪ್ರಚಾರಕ್ಕೆ ಬಂದವರ ಕಣ್ಣಿಗೆ ಆ ಖಾಲಿ ಜಾಗ ಬಿತ್ತು. ಮೊದಲು ಒಬ್ಬ ಅಭ್ಯರ್ಥಿ ಹತ್ತಿ ಕುಳಿತು, ಹಿಂದೆ ನಾಯಕರು ಕಾಣುವಂತೆ ಫೋಟೋ ತೆಗೆಸಿಕೊಂಡ. ಎದುರಾಳಿ ಸುಮ್ಮನಿರುತ್ತಾನೆಯೇ? ಮಾಲೀಕರು ಹತ್ತಲು ಅನುಕೂಲವಾಗಲೆಂದು ಎರಡು ಮೆಟ್ಟಿಲು ಕಟ್ಟಿಸಿದರು. ಯಾರೂ ತಕರಾರು ಮಾಡಲಿಲ್ಲ, ಶಾಂತಿ ಸಭೆಯೂ ನಡೆಯಲಿಲ್ಲ.

ಹೋದ ವರ್ಷ ಹುಸೇನಸಾಬರು ಶಿಗ್ಗಾವಿ ಬಸ್ ನಿಲ್ದಾಣದಲ್ಲಿ ಸಿಕ್ಕರು. ಹಿರೇಕೆರೂರಿನಿಂದ ಬಂದಿದ್ದ ಬೀಗರು ಹಟ ಹಿಡಿದರೆಂದು ಅವರನ್ನು ಪಾರ್ಕಿಗೆ ಕರೆದುಕೊಂಡು ಹೋಗಿದ್ದರಂತೆ. ತಮ್ಮ ಎತ್ತುಗಳು ಹಾಗೇ ನಿಂತಿರುವುದನ್ನು ನೋಡಿ, ತಡೆಯಲಾರದೆ ಆ ಮೆಟ್ಟಿಲ ಮೇಲೆ ಕಾಲಿಟ್ಟರಂತೆ. ಹೊಸ ವಾಚ್‌ಮನ್ ಸೀಟಿ ಊದಿಕೊಂಡು ಓಡಿಬಂದನಂತೆ.

“ಏ ಮುತ್ಯಾ, ಇಳೀರಿ ಕೆಳಗ. ಅಲ್ಲಿ ಯಾರ್‌ಯಾರರೆ ಕುಂದರಂಗಿಲ್ಲ.”

“ನೀವೇನಂದ್ರಿ?” ಎಂದು ಕೇಳಿದೆ.

“ಏನನ್ನೂದ್ರಿ, ಇಳದೆ” ಎಂದರು.

ಇಂಥ ಪಾರ್ಕು ಮಾಡಲು ಹೊರಟವರು ಈಗಲೂ ನನ್ನ ಸಲಹೆ ಕೇಳುತ್ತಾರೆ. ನಾಯಕರನ್ನು ಇಟ್ಟರೆ ರಾಜಕೀಯ ಬರದಂತೆ ನೋಡಿಕೊಳ್ಳಬಹುದೇ ಎನ್ನುತ್ತಾರೆ. ಖಂಡಿತ ನೋಡಿಕೊಳ್ಳಬಹುದು, ಅವರ ಸುತ್ತ ಜನರಿಲ್ಲದಿದ್ದರೆ ಸಾಕು. ಜನರನ್ನು ಇಡುವುದೇ ಆದರೆ, ಆ ಬಡವನ ಮುಖದ ಮೇಲೆ ಬಕೆಟ್ ಇಳಿಯುವ ದಿನ ನೀವು ಅಡ್ಡ ನಿಲ್ಲುತ್ತೀರಾ, ಮಾಲೀಕರು ಫೋನಿನಲ್ಲಿ ಏನು ಹೇಳುತ್ತಾರೆ, ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಅಷ್ಟು ಗಟ್ಟಿತನ ಇಲ್ಲದಿದ್ದರೆ ಜೋಕಾಲಿ ಕಟ್ಟಿಸಿ, ಜಾರುಬಂಡೆ ಹಾಕಿಸಿ. ಮನುಷ್ಯರ ಮುಖಕ್ಕೆ ಕೈ ಹಾಕಬೇಡಿ.