ಕಾಗಿಣಾ ದಂಡೆಯ ತೋಪಿನ ಗುಂಡು

ವಿಜಯಾ ಅಕ್ಕಾವರೆ, ನಿಮ್ಮ ತಂದೆಯವರು ಬರೆದ ಯುದ್ಧಚರಿತ್ರೆಯಲ್ಲಿರುವ ತೋಪಿನ ಗುಂಡು ತೋಪಿನದಲ್ಲ. ಅದು ನನಗೆ ಮೊದಲ ದಿನವೇ ಗೊತ್ತಿತ್ತು — ಗೊತ್ತಿದ್ದೂ ಸುಳ್ಳು ಹೇಳಿದೆ. ಅದೇ ಗುಂಡಿನ ಫೋಟೋ ಮುಖಪುಟಕ್ಕೆ ಹಾಕಿ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸುತ್ತೀರಂತೆ. ಸುದ್ದಿ ನಿನ್ನೆ ಕಿವಿಗೆ ಬಿತ್ತು, ಅದಕ್ಕೇ ಇವತ್ತೇ ಹೇಳುತ್ತಿದ್ದೇನೆ.

ತೊಂಬತ್ತರ ದಶಕದಲ್ಲಿ ನಿಮ್ಮ ತಂದೆ, ನಮ್ಮ ಸಾಹೇಬರು, ಶಾಸಕರು; ನಾನು ಅವರ ಜೀಪಿನ ಡ್ರೈವರ್. ಬೆಳಿಗ್ಗೆ ಚಿಂಚೋಳಿ, ಮಧ್ಯಾಹ್ನ ಸೇಡಂ. ನಡುವೆ ಹಳೆಯ ಕೋಟೆ ಕಂಡರೆ ಮುಗಿಯಿತು, ಜೀಪು ನಿಲ್ಲಬೇಕು. ಅತ್ತ ಕಾರ್ಯಕರ್ತರು ಹಾರ ಹಿಡಿದು ಕಾಯುತ್ತಿದ್ದರೆ, ಇತ್ತ ಇವರು ಬುರುಜಿನ ಮೇಲೆ ನಿಂತು, ತೋಪು ಯಾವ ದಿಕ್ಕಿಗೆ ಹಾರಿರಬಹುದು ಎಂದು ನನಗೆ ಪಾಠ ಹೇಳುತ್ತಿದ್ದರು! ಕಾಗಿಣಾ ಹೊಳೆಯ ದಂಡೆಯಲ್ಲಿ ಹಿಂದೆ ಯುದ್ಧ ನಡೆದಿದೆ, ಒಂದೇ ಒಂದು ಪುರಾವೆ ಸಿಕ್ಕರೆ ಸಾಕು ಎಂಬುದು ಅವರ ಹಟ.

ಒಂದು ದಿನ ಆ ದಂಡೆಯ ಕೆಸರಿನಲ್ಲಿ ನನ್ನ ಕಾಲಿಗೆ ಕಬ್ಬಿಣದ ಗುಂಡೊಂದು ತಾಗಿತು. ದಾಳಿಂಬೆ ಗಾತ್ರ, ಮೈತುಂಬ ಜಂಗು ಹಿಡಿದಿತ್ತು. ನೋಡಿದೊಡನೆ ಗುರುತು ಹಿಡಿದೆ — ಶಹಾಬಾದದ ಸಿಮೆಂಟ್ ಕಾರ್ಖಾನೆಯಲ್ಲಿ ಕಲ್ಲು ಅರೆಯುವ ಗಿರಣಿಯೊಳಗೆ ಉರುಳುವುದು ಇಂಥ ಗುಂಡುಗಳೇ. ನಮ್ಮಪ್ಪ ಅಲ್ಲಿ ಫಿಟ್ಟರ್. ಸವೆದದ್ದೊಂದನ್ನು ಮನೆಗೆ ತಂದಿದ್ದ. ಗಾಳಿಗೆ ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಇಡುತ್ತಿದ್ದೆವು. ಚೇಷ್ಟೆಗೆಂದು ಕೂಗಿದೆ: "ಸಾಹೇಬ್ರ, ಗುಂಡ ಸಿಕ್ಕದ್ರಿ!"

ಓಡಿಬಂದರು, ಅಕ್ಕಾವರೆ — ಒಂದು ಚಪ್ಪಲಿ ಕೆಸರಿನಲ್ಲೇ ಉಳಿಯಿತು. "ಮಲ್ಲಪ್ಪಾ, ನಾ ಹೇಳಿದ್ದಿಲ್ಲೇನು? ಹೇಳಿದ್ದಿಲ್ಲೇನು?" ಎನ್ನುತ್ತ ನನ್ನನ್ನು ಅಪ್ಪಿಕೊಂಡೇಬಿಟ್ಟರು. ಶಾಸಕರು, ಡ್ರೈವರನನ್ನು! ಆಗಲೇ ನಕ್ಕು ನಿಜ ಹೇಳಬೇಕಿತ್ತು. ಆದರೆ ನನಗೂ ಹುರುಪೇರಿತ್ತು... ದಾರಿಯುದ್ದಕ್ಕೂ ಅವರು ಕುದುರೆ, ತೋಪು, ಧೂಳು ಎಂದು ಹೇಳುತ್ತ ಹೋದರು, ನಾನು ಹೂಂಗುಟ್ಟುತ್ತ ಹೋದೆ.

ಪುಸ್ತಕ ಬಂತು. ಬಿಡುಗಡೆಯ ಸಭೆಯಲ್ಲಿ ಪ್ರಾಧ್ಯಾಪಕರೊಬ್ಬರು ಎದ್ದುನಿಂತು, ಇದು ಸಿಮೆಂಟ್ ಗಿರಣಿಯ ಗುಂಡಿನಂತೆ ಕಾಣುತ್ತದೆ ಎಂದರು. ಸಾಹೇಬರು ಸಿಟ್ಟಾಗಲಿಲ್ಲ. ಹಿಂದೆ ನಿಂತಿದ್ದ ನನ್ನನ್ನು ಮುಂದಕ್ಕೆ ಕರೆದರು.

"ಮಲ್ಲಪ್ಪಾ, ನಿಮ್ಮಪ್ಪ ಅಲ್ಲೇ ದುಡದಾನ. ನೀನೇ ಹೇಳು, ಇದು ಕಾರ್ಖಾನಿ ಗುಂಡೇನು?"

"ಅಲ್ರಿ," ಎಂದೆ.

ಭಾರಿ ಚಪ್ಪಾಳೆ! ಆ ಪ್ರಾಧ್ಯಾಪಕರು ತಲೆ ತಗ್ಗಿಸಿ ಕುಳಿತರು — ಇಡೀ ಸಭೆಯಲ್ಲಿ ನಿಜ ಹೇಳಿದವರು ಅವರೊಬ್ಬರೇ. ಸಾಹೇಬರು ಮಾತ್ರ ಕೊನೆಯವರೆಗೂ ನನ್ನ ಆ ಒಂದು ಮಾತನ್ನು ನಂಬಿದರು. ಅವರಿದ್ದಾಗ ಎಷ್ಟು ಸಲ ಹೇಳಲು ಹೋಗಿ... ಇಲ್ಲ, ನೆಪ ಹೇಳುವುದಿಲ್ಲ. ನಾನು ಹೇಳಲಿಲ್ಲ, ಅಷ್ಟೇ.

ನಾಳೆ ವಾಡಿಯಿಂದ ಮೊದಲ ಬಸ್ಸಿಗೇ ಬರುತ್ತೇನೆ. ನಮ್ಮ ಬಾಗಿಲಿನ ಗುಂಡು ಆಗಲೇ ಚೀಲ ಸೇರಿದೆ. ಅದನ್ನೂ ನಿಮ್ಮಲ್ಲಿರುವ ಸಾಹೇಬರ ಗುಂಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಡಿರಿ, ಆ ಪ್ರಾಧ್ಯಾಪಕರನ್ನೂ ಕರೆಸಿರಿ. ಸಾಹೇಬರು ಅವತ್ತು ಕೇಳಿದ್ದನ್ನೇ ಎಲ್ಲರ ಮುಂದೆ ನೀವು ಇನ್ನೊಮ್ಮೆ ಕೇಳಿರಿ. ನಾನು "ಹೌದ್ರಿ" ಎನ್ನಬೇಕಾಗಿದೆ.