ಹೀರೇಕಾಯಿಗೆ ಮುಯ್ಯಿ

14 ಆಗಸ್ಟ್ 1983, ಭಾನುವಾರ ಸಂಜೆ. ನಿಜಲಿಂಗಪ್ಪ ಬಡಾವಣೆ. ಹಿತ್ತಿಲ ಚಪ್ಪರದಲ್ಲಿ ಮತ್ತೆ ಹನ್ನೊಂದು ಹೀರೇಕಾಯಿ.

ಗೆಳೆಯರೇ, ಹೀರೆಯ ಹೂವು ಅರಳುವುದು ಸಂಜೆಗೆ. ಆ ಹಳದಿಯ ಕೆಳಗೆ ಅನುವಾದದ ಕಾದಂಬರಿ ಹಿಡಿದು ಕೂತರೆ, ದೂರದ ಯಾವುದೋ ದೇಶದ ರೈಲು ನಮ್ಮ ಹಿತ್ತಿಲಲ್ಲೇ ನಿಧಾನವಾಗಿ ಹಾದುಹೋದಂತಾಗುತ್ತದೆ. ಇಂದೂ ಹಾಗೆ ಕೂತಿದ್ದಾಗ ಪಕ್ಕದ ಮನೆಯ ಫಾತಿಮಕ್ಕ ಗೋಡೆಯಾಚೆಯಿಂದ ಕರೆದರು.

ಎರಡು ದಿನಕ್ಕೊಮ್ಮೆ ನಾನು ಅವರಿಗೆ ಬೋಗುಣಿ ತುಂಬ ಹೀರೇಕಾಯಿ ಕೊಡುತ್ತೇನೆ. ಅವರು ಅದೇ ಬೋಗುಣಿಯಲ್ಲಿ ಶಾವಿಗೆ ಪಾಯಸವನ್ನೋ ಹಲ್ವವನ್ನೋ ತುಂಬಿ ಹಿಂದಿರುಗಿಸುತ್ತಾರೆ. ನಮ್ಮ ಕಾಯಿ ಅವರಿಗೆ ಅಷ್ಟು ಇಷ್ಟವೆಂದುಕೊಂಡು ನಾನು ಇನ್ನಷ್ಟು ಕೊಡುತ್ತ ಬಂದಿದ್ದೆ.

"ಟೀಚರ್, ಸಿಟ್ಟು ಮಾಡ್ಕೋಬ್ಯಾಡ್ರಿ. ಇನ್ನ ಹೀರೇಕಾಯಿ ಬ್ಯಾಡ್ರಿ," ಎಂದರು. "ಕೊಟ್ಟ ಬೋಗುಣಿ ಖಾಲಿ ಹೆಂಗೆ ಕಳಿಸ್ಲಿ? ರೇಷನ್ ಸಕ್ಕರೆ ಪೂರಾ ಮುಗ್ದೈತೆ. ಹಬ್ಬಕ್ಕೆ ಒಂದು ಚಮಚಾನೂ ಉಳಿದಿಲ್ಲ."

"ಮತ್ತೆ ಕಾಯಿ?"

"ನಮ್ಮನೇಲಿ ಯಾರೂ ಮುಟ್ಟಲ್ರಿ. ಮೇಕೆ ತಿಂತೈತೆ."

"ಮೊದ್ಲೇ ಹೇಳಬಾರ್ದಾ, ಫಾತಿಮಕ್ಕ?"

"ಅಷ್ಟು ಖುಷೀಲಿ ಕೊಡ್ತಿದ್ರಿ. ಯಾವ ಬಾಯಿಲಿ ಹೇಳ್ಲಿ?"

ಇಬ್ಬರೂ ನಕ್ಕೆವು. ಆಮೇಲೆ ನನಗೆ ಪುಸ್ತಕದ ರೈಲು ಸಿಗಲಿಲ್ಲ. ಗೋಡೆಯಾಚೆ ಮೇಕೆ ಮೆಲುಕು ಹಾಕುವ ಸದ್ದನ್ನೇ ಕೇಳುತ್ತ ಕೂತೆ.

ನಮ್ಮ ಪಾಲಿನ ಸಕ್ಕರೆಯಲ್ಲಿ ಅರ್ಧವನ್ನು ನಾಳೆ ಅದೇ ಬೋಗುಣಿಯಲ್ಲಿ ಅವರಿಗೆ ಕೊಟ್ಟು, ಬೋಗುಣಿಯನ್ನು ಅಲ್ಲೇ ಖಾಲಿ ಮಾಡಿಸಿ ತರುವುದೆಂದು ತೀರ್ಮಾನಿಸಿದ್ದೇನೆ. ಹೀರೇಕಾಯಿಯನ್ನು ನೇರವಾಗಿ ಮೇಕೆಯ ಮುಂದೆ ಇಡುತ್ತೇನೆ. ಅದಕ್ಕೆ ಮುಯ್ಯಿ ತೀರಿಸುವ ಹಂಗಿಲ್ಲ.