ಎರಡನೇ ಫ್ರಿಜ್ಜಿನಲ್ಲಿ ಒಂದು ಹಿಮಾಲಯ

ಐವತ್ತು ದಾಟಿದ ಮೇಲೆ ನಾನು ಎರಡನೇ ಮದುವೆಯಾದೆ. ಅವರು ಆಗಷ್ಟೇ ನಿವೃತ್ತರಾಗಿದ್ದ ಗಣಿತದ ಮೇಷ್ಟರು, ನಾನು ಫಿಸಿಯೋಥೆರಪಿ ಮಾಡುವವಳು. ಅವರ ಮಂಡಿನೋವು ನನ್ನ ಹತ್ತಿರ ವಾಸಿಯಾಯಿತು. ವಾಸಿಯಾದ ಮೇಲೂ ಅವರು ಬರುವುದನ್ನು ನಿಲ್ಲಿಸಲಿಲ್ಲ.

ಮದುವೆಯ ನಂತರ ಹಿಮಾಚಲಕ್ಕೆ ಹೋದೆವು. ಉಳಿದುಕೊಂಡ ಮನೆಯ ಹಿಂದಿನ ಇಳಿಜಾರಿನಲ್ಲಿ ಕೊಲಂಬೈನ್ ಎಂಬ ಕಾಡುಹೂವಿತ್ತು. ಋತು ಮುಗಿಯುತ್ತಿದ್ದರೂ ಒಂದೆರಡು ಉಳಿದಿದ್ದವು. ತಿಳಿನೀಲಿ ಬಣ್ಣ, ನೆಲ ನೋಡುವ ಮುಖ, ಎಸಳುಗಳ ಹಿಂದೆ ಕೊಕ್ಕೆಯಂತೆ ಬಾಗಿದ ಪುಟ್ಟ ಬಾಲಗಳು. ನಾನು ಹೊಸ ಸೀರೆಯಲ್ಲೇ ಮಣ್ಣಿನಲ್ಲಿ ಕೂತುಬಿಟ್ಟೆ. ಮನೆಯೊಡತಿ ಒಣಗಿದ ಕಾಯಿಗಳನ್ನು ಕಾಗದದಲ್ಲಿ ಕಟ್ಟಿಕೊಟ್ಟಳು. ಬೀಜ ಒಂದು ಚಳಿಗಾಲ ಹಿಮದಡಿ ಮಲಗಿದರೇ ಏಳುವುದು, ಎದ್ದರೆ ಬೇರು ವರ್ಷ ವರ್ಷ ಚಿಗುರುತ್ತದೆ ಎಂದಳು. ಮೈಸೂರಿನಲ್ಲಿ ಹಿಮಕ್ಕೆ ಎಲ್ಲಿ ಹೋಗೋಣ ಎಂದು ನಾನು ಬೇಜಾರು ಮಾಡಿಕೊಂಡರೆ, ಇವರು ಗಂಭೀರವಾಗಿ, "ನಮ್ಮನೇಲಿ ಎರಡು ಫ್ರಿಜ್ ಇದಾವಲ್ಲ ಕಣ್ರೀ" ಎಂದರು.

ಅದು ನಿಜ. ಎರಡು ಸಂಸಾರ ಒಂದಾದಾಗ ಯಾದವಗಿರಿಯ ಅವರ ಮನೆಗೆ ನನ್ನ ಫ್ರಿಜ್ಜೂ ಬಂದಿತ್ತು. ಅದನ್ನು ಮಾರಲು ನನಗೆ ಮನಸ್ಸಿರಲಿಲ್ಲ, ಮಾರಿ ಎನ್ನಲು ಅವರಿಗೆ ಧೈರ್ಯವಿರಲಿಲ್ಲ. ಅದು ಹಜಾರದಲ್ಲಿ ಖಾಲಿ ನಿಂತಿತ್ತು.

ಒದ್ದೆ ಮರಳಿನಲ್ಲಿ ಬೀಜ ಕಲಸಿ, ಡಬ್ಬಿಗೆ ಹಾಕಿ, ಆ ಫ್ರಿಜ್ಜಿನಲ್ಲಿಟ್ಟು ವಾರಗಟ್ಟಲೆ ಕಾದೆವು. ಆಮೇಲೆ ಮರಳು, ಎಲೆಗೊಬ್ಬರ ಬೆರೆಸಿದ ಹಗುರ ಮಣ್ಣಿನ ಮೇಲೆ ಉದುರಿಸಿದೆವು. ಮುಚ್ಚಬಾರದು, ಈ ಬೀಜಕ್ಕೆ ಬೆಳಕು ಬೇಕು. ದಿನವೂ ನೀರು ಸಿಂಪಡಿಸುತ್ತಿದ್ದೆವು. ಜನವರಿಯಲ್ಲಿ ಸಣ್ಣ ಹಸಿರು ಕಂಡಾಗ ಇವರು ಭೂತಗನ್ನಡಿ ಹಿಡಿದು ನೆಲದ ಮೇಲೆ ಬೋರಲು ಮಲಗಿದರು. ಮೇಲೇಳಲು ನಾನೇ ಕೈ ಕೊಡಬೇಕಾಯಿತು.

ಬೇರು ನೇರ ಕೆಳಗಿಳಿಯುವುದರಿಂದ ಆಳವಾದ ಕುಂಡಕ್ಕೆ ಬದಲಾಯಿಸಿದೆವು. ಬೇಸಿಗೆಯಲ್ಲಿ ಉತ್ತರದ ಬಾಲ್ಕನಿಯ ನೆರಳಿನಲ್ಲಿಟ್ಟು, ಕುಂಡಕ್ಕೆ ಒದ್ದೆ ಗೋಣಿ ಸುತ್ತಿದೆವು. ಹಲವು ಗಿಡ ಸತ್ತವು, ಒಂದು ಉಳಿಯಿತು. ಆದರೆ ಹೂ ಬಿಡಲು ಗಿಡಕ್ಕೂ ಚಳಿ ಬೇಕಂತೆ. ಸರಿ, ಚಳಿಗಾಲದ ಹೊತ್ತಿಗೆ ಎಲೆ ಕತ್ತರಿಸಿ, ಫ್ರಿಜ್ಜಿನ ಟ್ರೇಗಳನ್ನೆಲ್ಲ ತೆಗೆದು, ಕುಂಡವನ್ನೇ ಒಳಗಿಟ್ಟೆವು. ಆಗೀಗ ಒಂದು ಚಮಚ ನೀರು, ಅಷ್ಟೇ.

ಮನೆಯಲ್ಲಿದ್ದ ಅತ್ತೆಯವರಿಗೆ ಎಂಬತ್ತರ ಮೇಲೆ. ಮಗನ ಈ ಮದುವೆಗೆ ಅವರು ಬೇಡ ಎಂದಿರಲಿಲ್ಲ, ಆದರೆ ನನ್ನನ್ನು ಬಹುವಚನದಲ್ಲೇ ದೂರ ಇಟ್ಟಿದ್ದರು. ಒಂದು ಮಧ್ಯಾಹ್ನ ಏನೋ ಹುಡುಕುತ್ತಾ ಆ ಬಾಗಿಲು ತೆಗೆದವರು ಬಹಳ ಹೊತ್ತು ಒಳಗೇ ನೋಡುತ್ತಿದ್ದು, "ಇದಕ್ಕೇನು ಜ್ವರವಾ?" ಎಂದು ಕೇಳಿದರು. ನಾನು ಹಿಮ, ನಿದ್ದೆ, ಬೇರು ಎಲ್ಲ ವಿವರಿಸಿದೆ. ಅವರು ಬಾಗಿಲನ್ನು ಮೆಲ್ಲಗೆ ಮುಚ್ಚಿ ಹೋದರು. ಮಾರನೆಯ ದಿನದಿಂದ ನಾವು ಹೊರಗೆ ಹೋಗಿ ಬಂದರೆ ಸಾಕು, ಕರೆಂಟ್ ಹೋಗಿತ್ತು, ಎಷ್ಟು ಹೊತ್ತು ಹೋಗಿತ್ತು ಎಂದು ವರದಿ ಒಪ್ಪಿಸತೊಡಗಿದರು.

ಫೆಬ್ರವರಿಯಲ್ಲಿ ಕುಂಡ ಹೊರಗೆ ಬಂತು. ಚಿಗುರಿತು, ಕಾಂಡ ಎದ್ದಿತು, ಅದರ ತುದಿಯಲ್ಲಿ ಒಂದೇ ಮೊಗ್ಗು. ನಾವಿಬ್ಬರೂ ಕೆಲಸ ಬಿಟ್ಟು ಅದರ ಸುತ್ತ ಸುಳಿದಾಡುತ್ತಿದ್ದೆವು. ಅದು ಅರಳಿದ ಬೆಳಿಗ್ಗೆ ಇವರು ನನ್ನ ಕೈ ಹಿಡಿದು ಬಾಲ್ಕನಿಯಲ್ಲೇ ಗಿರಗಿರನೆ ತಿರುಗಿಸಿದರು. ವಾಸಿಯಾದ ಮಂಡಿ ಇವರದು, ತಲೆಸುತ್ತು ನನ್ನದು. ನಗು ನಿಲ್ಲಲೊಲ್ಲದು. ಅಷ್ಟರಲ್ಲಿ ಎದುರು ಮನೆಯಾಕೆ ರಂಗೋಲಿ ಬಟ್ಟಲು ಹಿಡಿದು ನಮ್ಮನ್ನೇ ನೋಡುತ್ತಿದ್ದುದು ಕಂಡಿತು. ನಾನು ಸೆರಗು ಸರಿಮಾಡಿಕೊಂಡು ಕೈ ಬಿಡಿಸಿಕೊಳ್ಳಹೊರಟೆ.

ಹಿಂದಿನಿಂದ ಅತ್ತೆಯವರ ದನಿ ಬಂತು. "ನೋಡ್ಲಿ ಬುಡೇ."

ಆ 'ಬುಡೇ'ಗೆ ನನ್ನ ಕಣ್ಣು ತುಂಬಿತು. ಅವರು ಗೋಡೆ ಹಿಡಿದು ಮೆಲ್ಲಗೆ ಬಂದರು. ಹೂವು ಮುಖ ಕೆಳಗೆ ಹಾಕಿದ್ದರಿಂದ, ನಾವು ಕುಂಡವನ್ನು ಎತ್ತಿ ಹಿಡಿದೆವು. ಅತ್ತೆಯವರು ಕೆಳಗಿನಿಂದ ಅದರೊಳಗೆ ಇಣುಕಿ ನೋಡಿದರು, ಮತ್ತೆ ಇಣುಕಿದರು. ಆಮೇಲೆ ಎದುರು ಮನೆಯಾಕೆಗೆ ಕೈಬೀಸಿ, ಬೇಗ ಮೇಲೆ ಬರುವಂತೆ ಸನ್ನೆ ಮಾಡಿದರು.